ಸರ್ವರ್ ಅಂದರೆ ಯಾವಾಗಲೂ ಇರಲಾರದ್ದು: ಕಮ್ಯಾಂಡ್ ಲೈನ್ ಬೋಧನೆಯ ಒಂದು ಅನುಭವ

ಈ ಸಾಲಿನ ಇಂಟರ್ನ್‌ಶಿಪ್ ಅವಧಿಯಲ್ಲಿ ಬೀದರ್ ನಗರ, ಭಾಲ್ಕಿ ಮತ್ತು ಔರಾದ್ ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ನಮ್ಮ ಪ್ರಶಿಕ್ಷಣಾರ್ಥಿಗಳ ಪಾಠ ವೀಕ್ಷಣೆ ಮಾಡುವ ಹೊಣೆ ನನ್ನದಾಗಿತ್ತು. ಔರಾದ್ ಕಡೆಯ ಒಂದು ಶಾಲೆಯ ಒಂಬತ್ತನೆಯ ತರಗತಿಯಲ್ಲಿ ಪ್ರಶಿಕ್ಷಣಾರ್ಥಿಯೊಬ್ಬರು ಕಂಪ್ಯೂಟರ್ ಜಾಲದ ಬಗ್ಗೆ ಪೀಠಿಕೆ ಹಾಕುತ್ತ, "ಸರ್ವರ್ ಎಂದರೆ ಏನು, ಯಾರಾದರೂ ಹೇಳ್ತೀರಾ?" ಎಂದು ಕೇಳಿದರು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸರ್ವರ್ ಅಂದ್ರ ಯಾವಾಗ್ಲೂ ಇರಲಾರದ್ದು ಸರ" ಎಂದ. ತರಗತಿ ನಕ್ಕಿತು, ನಾನೂ ನಕ್ಕೆ. ಪ್ರಶಿಕ್ಷಣಾರ್ಥಿ ಮಾತ್ರ ಗಲಿಬಿಲಿಗೊಂಡು, ಉತ್ತರ ತಪ್ಪು ಎಂದು ಹೇಳಿ ವ್ಯಾಖ್ಯೆಯನ್ನು ಹಲಗೆಯ ಮೇಲೆ ಬರೆದರು.

ಪಾಠದ ನಂತರದ ಸಮಾಲೋಚನೆಯಲ್ಲಿ ನಾನು ಹೇಳಿದ್ದು ಇಷ್ಟೇ: ಆ ಹುಡುಗನ ಉತ್ತರವೇ ನಿಮ್ಮ ಪೀಠಿಕೆ ಆಗಬೇಕಿತ್ತು. ಪಡಿತರಕ್ಕೆ ಹೆಬ್ಬೆಟ್ಟು ಒತ್ತುವಾಗ, ಜಾತಿ ಪ್ರಮಾಣಪತ್ರಕ್ಕೆ ಸಾಲಿನಲ್ಲಿ ನಿಂತಾಗ, ಪಹಣಿ ಕೇಳಿದಾಗ "ಸರ್ವರ್ ಇಲ್ಲ, ನಾಳೆ ಬರ್ರಿ" ಎಂಬ ಮಾತನ್ನು ನಮ್ಮ ಕಡೆಯ ಮಕ್ಕಳು ಹುಟ್ಟಿದಾಗಿನಿಂದ ಕೇಳುತ್ತಾರೆ. ಅವರ ಪಾಲಿಗೆ ಸರ್ವರ್ ಎನ್ನುವುದು ಮಳೆಯ ಹಾಗೆ. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅದು ಎಲ್ಲೋ ಒಂದು ಕೋಣೆಯಲ್ಲಿರುವ ಕಂಪ್ಯೂಟರ್, ಅದನ್ನು ನೋಡಿಕೊಳ್ಳುವ ಮನುಷ್ಯರಿದ್ದಾರೆ, ಅದು ನಿಂತರೆ ನಿಲ್ಲಲು ಕಾರಣವಿರುತ್ತದೆ, ಆ ಕಾರಣವನ್ನು ಹುಡುಕಬಹುದು ಎಂಬ ನಾಲ್ಕು ಸಂಗತಿಗಳನ್ನು ಮಕ್ಕಳಿಗೆ ತಲುಪಿಸಿದರೆ ಆ ಪಾಠ ಸಾರ್ಥಕ. ವ್ಯಾಖ್ಯೆ ಆಮೇಲೆ ಬರಲಿ.

ಇಷ್ಟು ಉಪದೇಶ ಮಾಡಿದ ನಾನೇ ಅದಾಗಿ ಮೂರು ವಾರಕ್ಕೆ ನಮ್ಮ ಕಾಲೇಜಿನ ಸರ್ವರನ್ನು ಕೆಡಿಸಿ ಕುಳಿತೆ. ಈ ಲೇಖನ ಬರೆಯಲು ಕಾರಣ ಅದು. ಕಮ್ಯಾಂಡುಗಳನ್ನು ನಾವು ತರಗತಿಯಲ್ಲಿ ಬಾಯಿಬಿಟ್ಟು ಹೇಳುವ ರೀತಿಯಲ್ಲೇ ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಕೀಲಿಮಣೆಯಲ್ಲಿ ಒತ್ತಬೇಕಾದ್ದು ಅವೇ ಹೆಸರಿನ ಸಣ್ಣ ಇಂಗ್ಲಿಷ್ ಅಕ್ಷರಗಳನ್ನು.

ಏನಾಯಿತು

ನಮ್ಮ ಪ್ರಯೋಗಾಲಯದ ಮೂಲೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇದೆ. ಅದಕ್ಕೆ ಮಾನಿಟರ್ ಇಲ್ಲ, ಕೀಲಿಮಣೆ ಇಲ್ಲ. ಉಬುಂಟು ಸರ್ವರ್ ಹಾಕಿ, ಪ್ರಶಿಕ್ಷಣಾರ್ಥಿಗಳ ಪಾಠ ಯೋಜನೆಗಳು, ಸೂಕ್ಷ್ಮ ಬೋಧನೆಯ ವಿಡಿಯೊಗಳು, ವೀಕ್ಷಣಾ ಹಾಳೆಗಳು ಎಲ್ಲವೂ ಅಲ್ಲಿಯೇ ಇರುವಂತೆ ಮಾಡಿದ್ದೆವು. ಇಂಟರ್ನ್‌ಶಿಪ್ ದಾಖಲೆ ಒಪ್ಪಿಸುವ ಎರಡು ದಿನ ಮೊದಲು ಯಾರು ಏನೇ ಸೇರಿಸಲು ಹೋದರೂ "ಡಿಸ್ಕಿನಲ್ಲಿ ಜಾಗವಿಲ್ಲ" ಎಂಬ ಸಂದೇಶ ಬರತೊಡಗಿತು.

ನಾನು ಟರ್ಮಿನಲ್ ತೆರೆದು ಡಿಎಫ್ ಕಮ್ಯಾಂಡ್ ಕೊಟ್ಟೆ. ಡಿಸ್ಕ್ ನೂರಕ್ಕೆ ನೂರು ತುಂಬಿತ್ತು. ಎರಡು ವರ್ಷದ ಹಿಂದಿನ ತಂಡದ ವಿಡಿಯೊಗಳಿದ್ದ ಫೋಲ್ಡರ್ ಒಂದಿತ್ತು, ಅದನ್ನು ತೆಗೆದರೆ ಸಾಕು ಎಂದುಕೊಂಡೆ. ಅದರ ಹೆಸರು "ಪಾಠ ಹಳೆಯದು". ಈ ವರ್ಷದ ತಂಡದ ಫೋಲ್ಡರಿನ ಹೆಸರು ಬರೀ "ಪಾಠ". ಹೊರಗೆ ಹತ್ತು ಜನ ಕಾಯುತ್ತಿದ್ದರು. ಅಳಿಸುವ ಕಮ್ಯಾಂಡ್ ಆದ ಆರ್‌ಎಂ, ಅದಕ್ಕೆ ಒಳಗಿನದೆಲ್ಲವನ್ನೂ ಸೇರಿಸು, ಏನನ್ನೂ ಕೇಳಬೇಡ ಎಂಬ ಎರಡು ಸೂಚನೆ, ಆಮೇಲೆ ಫೋಲ್ಡರಿನ ಹೆಸರು. ಎಂಟರ್ ಒತ್ತಿದೆ. ಮತ್ತೆ ಡಿಎಫ್ ನೋಡಿದರೆ ಜಾಗ ಆಗಿತ್ತು. ಹೊರಗಿದ್ದವರಿಗೆ "ಬರ್ರಿ, ಈಗ ಹಾಕ್ರಿ" ಎಂದೆ.

ಶೆಲ್‌ಗೆ ಖಾಲಿ ಜಾಗ ಎಂದರೆ ಒಂದು ಪದ ಮುಗಿದು ಇನ್ನೊಂದು ಪದ ಶುರುವಾಯಿತು ಎಂದರ್ಥ. ನಾನು ಹೆಸರನ್ನು ಉದ್ಧರಣ ಚಿಹ್ನೆಯ ಒಳಗೆ ಇಟ್ಟಿರಲಿಲ್ಲ. ಆದ್ದರಿಂದ ನನ್ನ ಆಜ್ಞೆಯನ್ನು ಅದು ಓದಿಕೊಂಡ ರೀತಿ ಹೀಗೆ: "ಪಾಠ" ಎಂಬುದನ್ನು ಅಳಿಸು, "ಹಳೆಯದು" ಎಂಬುದನ್ನೂ ಅಳಿಸು. "ಪಾಠ" ಇತ್ತು, ಅಳಿಸಿತು. "ಹಳೆಯದು" ಎಂಬ ಹೆಸರಿನದು ಯಾವುದೂ ಇರಲಿಲ್ಲ. ಏನನ್ನೂ ಕೇಳಬೇಡ ಎಂದು ನಾನೇ ಹೇಳಿದ್ದರಿಂದ ಅದರ ಬಗ್ಗೆ ತುಟಿ ಬಿಚ್ಚಲಿಲ್ಲ. ನಾನು ತೆಗೆಯಬೇಕೆಂದಿದ್ದ ಫೋಲ್ಡರ್ ಇದ್ದಲ್ಲಿಯೇ ಇತ್ತು. ಈ ವರ್ಷದ 34 ಜನರ ಕೆಲಸ ಹೋಗಿತ್ತು. ಅದು ನನಗೆ ತಿಳಿಯುವ ಹೊತ್ತಿಗೆ ಅರ್ಧ ಗಂಟೆ ಕಳೆದು, ಖಾಲಿಯಾದ ಜಾಗದ ಮೇಲೆ ಆರೇಳು ಹೊಸ ವಿಡಿಯೊಗಳು ಬಂದು ಕೂತಿದ್ದವು. ಅಳಿಸಿದ ಕಡತದ ದತ್ತಾಂಶ ಕೂಡಲೇ ನಾಶವಾಗುವುದಿಲ್ಲ; ಆ ಜಾಗ ಬಳಕೆಗೆ ಮುಕ್ತ ಎಂದು ಗುರುತಾಗುತ್ತದೆ ಅಷ್ಟೆ. ಆ ಕ್ಷಣವೇ ಯಂತ್ರವನ್ನು ನಿಲ್ಲಿಸಿದ್ದರೆ ಒಂದಿಷ್ಟು ಮರಳಿ ಪಡೆಯುವ ಅವಕಾಶ ಇತ್ತು. ಅದನ್ನೂ ನಾನೇ ಮುಚ್ಚಿಹಾಕಿದ್ದೆ.

ಬಹಳಷ್ಟು ಜನರ ಬಳಿ ಪೆನ್‌ಡ್ರೈವಿನಲ್ಲಿಯೋ ವಾಟ್ಸ್‌ಆಪ್‌ನಲ್ಲಿಯೋ ಪ್ರತಿ ಇತ್ತು. ಇಲ್ಲದವರು ಪಾಠ ಯೋಜನೆಯ ಪುಸ್ತಕ ನೋಡಿ ಮತ್ತೆ ಟೈಪ್ ಮಾಡಿದರು. ಆದರೆ ಔರಾದ್‌ನಲ್ಲಿ ಪಾಠ ಮಾಡಿದ ಒಬ್ಬ ಪ್ರಶಿಕ್ಷಣಾರ್ಥಿ ಆರು ವಾರ ಕುಳಿತು ಒಂದು ಪದಪಟ್ಟಿ ಮಾಡಿದ್ದರು. ಅವರ ತರಗತಿಯಲ್ಲಿ ಮನೆಯಲ್ಲಿ ಮರಾಠಿ ಆಡುವ ಮಕ್ಕಳೇ ಹೆಚ್ಚು. ವಿಜ್ಞಾನ ಪಾಠದ ಕನ್ನಡ ಪದ ಬಂದಾಗ ಮಕ್ಕಳು ಮನೆಯಲ್ಲಿ ಅದಕ್ಕೆ ಏನೆನ್ನುತ್ತಾರೆ ಎಂದು ಕೇಳಿ, ಚೀಟಿಯಲ್ಲಿ ಬರೆಸಿ, ಸಂಜೆ ನಮ್ಮ ಸರ್ವರಿಗೆ ಏರಿಸುತ್ತಿದ್ದರು. ಚೀಟಿಗಳನ್ನು ಟೈಪಾದ ಮೇಲೆ ಎಸೆದಿದ್ದರು, ಸರ್ವರಿನಲ್ಲಿದೆಯಲ್ಲ ಎಂಬ ನಂಬಿಕೆಯಿಂದ. "ನಂದು ಹೋತೇನ್ರಿ ಸರ?" ಎಂದು ಕೇಳಿದರು. ಹೌದು ಎಂದೆ. ಅವರು ಮತ್ತೇನೂ ಅನ್ನಲಿಲ್ಲ. ಅಂದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತೇನೋ.

ಬ್ಯಾಕಪ್ ಎಲ್ಲಿತ್ತು ಎಂದು ಓದುಗರು ಕೇಳಬಹುದು. ಇತ್ತು. ಕ್ರಾನ್ ಎಂಬ ಸಾಧನಕ್ಕೆ ಪ್ರತಿ ರಾತ್ರಿ 2 ಗಂಟೆಗೆ ಎಲ್ಲವನ್ನೂ ಕಚೇರಿಯ ಇನ್ನೊಂದು ಯಂತ್ರಕ್ಕೆ ನಕಲು ಮಾಡು ಎಂದು ನಾನೇ ಬರೆದಿಟ್ಟಿದ್ದೆ. ಹೋಗಿ ನೋಡಿದರೆ ಕೊನೆಯ ನಕಲು ಇಂಟರ್ನ್‌ಶಿಪ್ ಶುರುವಾಗುವುದಕ್ಕೂ ಮೊದಲಿನದು. ಕಾರಣ ಹುಡುಕಲು ಅಪ್‌ಟೈಮ್ ಎಂಬ ಕಮ್ಯಾಂಡ್ ಕೊಟ್ಟೆ. ಯಂತ್ರ ಎಷ್ಟು ಹೊತ್ತಿನಿಂದ ನಿಲ್ಲದೆ ನಡೆಯುತ್ತಿದೆ ಎಂಬುದನ್ನು ಅದು ಹೇಳುತ್ತದೆ. ತಿಂಗಳುಗಟ್ಟಲೆ ನಡೆಯಬೇಕಾದ ಸರ್ವರ್ ತೋರಿಸಿದ್ದು 6 ಗಂಟೆ. ಅಂದರೆ ಅವತ್ತು ಬೆಳಿಗ್ಗೆಯಷ್ಟೇ ಹೊತ್ತಿಕೊಂಡಿತ್ತು. ಸಂಜೆ ಬಾಗಿಲು ಹಾಕುವಾಗ ಕಾವಲುಗಾರ ಕಾಕಾ ಪ್ರಯೋಗಾಲಯದ ಮೇನ್ ಸ್ವಿಚ್ ಆರಿಸುತ್ತಿದ್ದರು. ಯುಪಿಎಸ್ ಸ್ವಲ್ಪ ಹೊತ್ತು ತಾಳಿ ಕೈಬಿಡುತ್ತಿತ್ತು. ರಾತ್ರಿ 2 ಗಂಟೆಗೆ ಯಂತ್ರವೇ ಇಲ್ಲದ ಮೇಲೆ ಕ್ರಾನ್ ಏನು ಮಾಡೀತು? ತಪ್ಪಿಹೋದ ಕೆಲಸವನ್ನು ಬೆಳಿಗ್ಗೆ ಎದ್ದು ಮಾಡುವ ರೂಢಿ ಅದಕ್ಕಿಲ್ಲ. ಆ ಕೆಲಸಕ್ಕೆ ಅನಾಕ್ರಾನ್ ಎಂಬ ಬೇರೆ ಸಾಧನವಿದೆ. ಕಾಕಾನ ಮೇಲೆ ತಪ್ಪು ಹೊರಿಸುವಂತಿಲ್ಲ, ವಿದ್ಯುತ್ ಉಳಿಸಿ ಎಂದು ನಾವೇ ಹೇಳಿದ್ದು. ಅಷ್ಟು ತಿಂಗಳಲ್ಲಿ ಯಾವುದೇ ಒಂದು ದಿನ ನಾನು ಅಪ್‌ಟೈಮ್ ಎಂಬ ಒಂದೇ ಪದವನ್ನು ಟೈಪ್ ಮಾಡಿದ್ದರೆ ಸಂಗತಿ ಗೊತ್ತಾಗುತ್ತಿತ್ತು.

ಕ್ರಿಯಾಪದ ಮೊದಲು ಬರುವ ಭಾಷೆ

ಈ ಅವಘಡದ ನಂತರ ನಮ್ಮ ಐಸಿಟಿ ತರಗತಿಯ ಸ್ವರೂಪವನ್ನೇ ಬದಲಿಸಿದೆ. ಎರಡು ವರ್ಷದ ಬಿ.ಇಡಿ. ಪಠ್ಯಕ್ರಮದಲ್ಲಿ ಐಸಿಟಿಯ ವಿಮರ್ಶಾತ್ಮಕ ತಿಳಿವಳಿಕೆ ಎಂಬ ಭಾಗವಿದೆ. ಅದನ್ನು ನಾವು ಬಹುತೇಕ ಸ್ಲೈಡ್ ಮಾಡುವುದರಲ್ಲಿ ಮುಗಿಸುತ್ತೇವೆ. ಈ ಬಾರಿ ಅದರಲ್ಲಿ ಆರು ತಾಸುಗಳನ್ನು ಕಮ್ಯಾಂಡ್ ಲೈನಿಗೆ ಕೊಟ್ಟೆ. ನಮ್ಮ ಪ್ರಶಿಕ್ಷಣಾರ್ಥಿಗಳಲ್ಲಿ ಹೆಚ್ಚಿನವರು ಕಲಾ ವಿಭಾಗದವರು, ಕನ್ನಡ ಮಾಧ್ಯಮದಲ್ಲಿ ಓದಿದವರು. ಕಪ್ಪು ತೆರೆ, ಮಿನುಗುವ ಗೆರೆ ನೋಡಿದ ಕೂಡಲೇ "ಇದು ಇಂಜಿನಿಯರರಿಗೆ ಸರ" ಎನ್ನುತ್ತಾರೆ. ಅವರಿಗೆ ನಾನು ವ್ಯಾಕರಣದಿಂದ ಆರಂಭಿಸಿದೆ.

ಕನ್ನಡದಲ್ಲಿ "ಈ ಫೋಲ್ಡರಿನಲ್ಲಿ ಇರುವುದನ್ನು ವಿವರವಾಗಿ ತೋರಿಸು" ಎನ್ನುತ್ತೇವೆ. ಕರ್ಮ ಮೊದಲು, ಹೇಗೆ ಎಂಬುದು ನಡುವೆ, ಕ್ರಿಯಾಪದ ಕೊನೆಗೆ. ಶೆಲ್‌ನಲ್ಲಿ ಇದು ತಿರುಗುಮುರುಗು: "ತೋರಿಸು, ವಿವರವಾಗಿ, ಈ ಫೋಲ್ಡರನ್ನು". ಎಲ್‌ಎಸ್ ಎಂಬುದು ಕ್ರಿಯಾಪದ. ಸಣ್ಣ ಗೆರೆ ಎಳೆದು ಬರೆಯುವ ಎಲ್ ಎಂಬ ಅಕ್ಷರ ಕ್ರಿಯಾವಿಶೇಷಣ. ಫೋಲ್ಡರಿನ ಹೆಸರು ಕರ್ಮ. ಹಲಗೆಯ ಮೇಲೆ ಕನ್ನಡದ ಹತ್ತು ವಾಕ್ಯ ಬರೆದು, ಅವನ್ನು ಈ ಕ್ರಮಕ್ಕೆ ತಿರುಗಿಸಿ ಎಂದೆ. ಕಂಪ್ಯೂಟರ್ ಮುಟ್ಟುವ ಮೊದಲೇ ಎಲ್ಲರಿಗೂ ಕಮ್ಯಾಂಡಿನ ರಚನೆ ಹಿಡಿಯಿತು. ನಕಲು ಮಾಡುವ ಸಿಪಿ ಕಮ್ಯಾಂಡಿನಲ್ಲಿ ಎರಡು ಕರ್ಮಗಳಿವೆ, ಎಲ್ಲಿಂದ ಎಂಬುದು ಮೊದಲು, ಎಲ್ಲಿಗೆ ಎಂಬುದು ಆಮೇಲೆ. ಕನ್ನಡದಲ್ಲಿ "ಬೀದರಿಂದ ಭಾಲ್ಕಿಗೆ" ಎನ್ನಲಿ, "ಭಾಲ್ಕಿಗೆ ಬೀದರಿಂದ" ಎನ್ನಲಿ, ಬಸ್ಸು ಹೋಗುವುದು ಒಂದೇ ಕಡೆ, ಏಕೆಂದರೆ ವಿಭಕ್ತಿ ಪ್ರತ್ಯಯ ಅರ್ಥವನ್ನು ಹಿಡಿದಿಟ್ಟಿದೆ. ಶೆಲ್‌ಗೆ ವಿಭಕ್ತಿ ಇಲ್ಲ. ಅಲ್ಲಿ ಸ್ಥಾನವೇ ವಿಭಕ್ತಿ. ಸ್ಥಾನ ತಪ್ಪಿದರೆ ಹಳೆಯ ಕಡತ ಹೊಸದರ ಮೇಲೆ ಬಂದು ಕೂರುತ್ತದೆ.

ಖಾಲಿ ಜಾಗದ ವಿಷಯವೂ ಹಾಗೆಯೇ. ಕನ್ನಡದಲ್ಲಿ "ಪಾಠಯೋಜನೆ" ಎಂದು ಸೇರಿಸಿ ಬರೆದರೂ ಸರಿ, "ಪಾಠ ಯೋಜನೆ" ಎಂದು ಬಿಡಿಸಿ ಬರೆದರೂ ಮೌಲ್ಯಮಾಪಕರು ಅಂಕ ಕಳೆಯುವುದಿಲ್ಲ. ಸಂಧಿ ಮಾಡುವ, ಬಿಡಿಸುವ ಸ್ವಾತಂತ್ರ್ಯದಲ್ಲಿ ಬೆಳೆದ ಕೈ ನಮ್ಮದು. ನನ್ನ ಕೈ ತಪ್ಪಿದ್ದೂ ಅಲ್ಲಿಯೇ. ಆದ್ದರಿಂದ ಉಕ್ತಲೇಖನದ ಅಭ್ಯಾಸ ಮಾಡಿಸಿದೆ. ಒಬ್ಬರು ಕಮ್ಯಾಂಡನ್ನು ಓದಿ ಹೇಳಬೇಕು, ಖಾಲಿ ಜಾಗ ಬಂದಲ್ಲಿ ಮೇಜಿನ ಮೇಲೆ ಒಮ್ಮೆ ತಟ್ಟಬೇಕು, ಉಳಿದವರು ಬರೆಯಬೇಕು. "ಡಿಎಫ್, ತಟ್ಟು, ಗೆರೆ ಎಚ್." ಹೊರಗಿನಿಂದ ಕೇಳಿದವರು ಭಜನೆ ನಡೆದಿದೆ ಎಂದುಕೊಂಡರು. ಆದರೆ ಎರಡನೆಯ ತಾಸಿನ ಹೊತ್ತಿಗೆ ಜಾಗದ ತಪ್ಪುಗಳು ಬಹುಮಟ್ಟಿಗೆ ನಿಂತವು. ಫೋಲ್ಡರ್ ಹೆಸರಿನಲ್ಲಿ ಖಾಲಿ ಜಾಗ ಬಿಡಬಾರದು, ಅಡಿಗೆರೆ ಹಾಕಬೇಕು ಎಂಬ ನಿಯಮವನ್ನು ಯಾರೂ ಬಾಯಿಪಾಠ ಮಾಡಬೇಕಾಗಲಿಲ್ಲ. ನನ್ನ ಕಥೆಯೇ ಸಾಕಾಯಿತು.

ಹೆಸರುಗಳು ಯಾಕೆ ಇಷ್ಟು ಮೋಟು ಎಂದು ಭಾಲ್ಕಿಯವರೊಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯುನಿಕ್ಸ್ ಕಟ್ಟತೊಡಗಿದಾಗ ಅವರ ಮುಂದೆ ತೆರೆ ಇರಲಿಲ್ಲ. ಕಾಗದದ ಮೇಲೆ ಬಡಿಯುವ ಟೆಲಿಟೈಪ್ ಯಂತ್ರಗಳಿದ್ದವು. ಆ ಕಾಲದ ಒಂದು ಸಾಮಾನ್ಯ ಟೆಲಿಟೈಪ್ ಸೆಕೆಂಡಿಗೆ ಮುದ್ರಿಸುತ್ತಿದ್ದುದು 10 ಅಕ್ಷರ. ಅಂಥ ಕಡೆ ಪ್ರತಿ ಅಕ್ಷರವೂ ಹೊರೆ. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಬರೆಯತೊಡಗಿದ ಲಿನಕ್ಸ್ ಅದೇ ಪರಂಪರೆಯನ್ನು ಮುಂದುವರಿಸಿತು. ನಮ್ಮ ಜೇಬಿನ ಆಂಡ್ರಾಯ್ಡ್ ಫೋನಿನ ತಳದಲ್ಲಿರುವುದೂ ಲಿನಕ್ಸ್ ಕರ್ನೆಲ್ಲೇ. ಪ್ರಯೋಗಾಲಯ ಇಲ್ಲದ ಔರಾದ್‌ನ ಶಾಲೆಗಳಿಗೆ ಹೋದ ಪ್ರಶಿಕ್ಷಣಾರ್ಥಿಗಳು ಫೋನಿನಲ್ಲಿ ಟರ್ಮಕ್ಸ್ ಎಂಬ ಆ್ಯಪ್ ಹಾಕಿಕೊಂಡು ಅಭ್ಯಾಸ ಮಾಡಿದರು. ಮೊದಲ ದಿನ ಕೀಲಿ ಒತ್ತಲು ಬೆರಳು ಒದ್ದಾಡುತ್ತವೆ, ಅಷ್ಟೆ.

ಚಿತ್ರಗಳನ್ನು ಒತ್ತುವುದು ಬಿಟ್ಟು ಈ ಹಳೆಯ ಹಾದಿ ಯಾಕೆ ಎಂಬುದಕ್ಕೆ ನನ್ನ ಉತ್ತರ ಎರಡು. ಮೊದಲನೆಯದು, ಸರ್ವರ್ ಇರುವುದೇ ಬೇರೆ ಕಡೆ. ಎಸ್‌ಎಸ್‌ಎಚ್ ಎಂಬ ಸಾಧನ ದೂರದ ಯಂತ್ರದ ಟರ್ಮಿನಲನ್ನು ನಮ್ಮ ಮುಂದೆ ತೆರೆಯುತ್ತದೆ. ಫಿನ್ಲೆಂಡಿನ ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಜಾಲದ ಮೇಲೆ ಹರಿಯುವ ಪಾಸ್‌ವರ್ಡುಗಳನ್ನು ಯಾರೋ ಕದ್ದು ಓದಿದ ಘಟನೆಯ ನಂತರ 1995ರಲ್ಲಿ ಟಾಟು ಯಲೋನೆನ್ ಅದನ್ನು ಬರೆದರು. ಎರಡು ಯಂತ್ರಗಳ ನಡುವಿನ ಮಾತು ಗೂಢಲಿಪಿಯಲ್ಲಿ ಸಾಗುತ್ತದೆ. ಹೋಗುವುದು ಬರೀ ಅಕ್ಷರಗಳಾದ್ದರಿಂದ ನೆಟ್‌ವರ್ಕ್ ಕುಂಟುತ್ತಿದ್ದರೂ ಕೆಲಸ ನಡೆಯುತ್ತದೆ. ಎರಡನೆಯದು ಶಿಕ್ಷಕರಿಗೆ ಹೆಚ್ಚು ಮುಖ್ಯ. ಎಲ್ಲಿ ಒತ್ತಬೇಕು ಎಂಬುದನ್ನು ಫೋನಿನಲ್ಲಿ ವಿವರಿಸಲು ಹೋಗಿ ಸೋತವರೇ ನಾವೆಲ್ಲ. ಕಮ್ಯಾಂಡನ್ನಾದರೆ ನೋಟ್‌ಬುಕ್ಕಿನಲ್ಲಿ ಬರೆದಿಡಬಹುದು, ಮುಂದಿನ ವರ್ಷದ ತಂಡಕ್ಕೆ ದಾಟಿಸಬಹುದು, ಎಲ್ಲಿ ತಪ್ಪಿತು ಎಂದು ಮರುದಿನ ಓದಿ ನೋಡಬಹುದು. ನನ್ನ ತಪ್ಪು ನನಗೆ ತಿಳಿದದ್ದೂ ಹಿಸ್ಟರಿ ಎಂಬ ಕಮ್ಯಾಂಡ್ ಕೊಟ್ಟು ನಾನೇ ಟೈಪ್ ಮಾಡಿದ ಸಾಲನ್ನು ಮತ್ತೆ ಓದಿದಾಗ.

ಭಾಲ್ಕಿಯ ಚೀಟಿ ಪಾಠ

ಈ ಸರಣಿಯಲ್ಲಿ ನಾನು ನೋಡಿದ ಅತ್ಯುತ್ತಮ ಪಾಠ ಕರೆಂಟಿಲ್ಲದ ದಿನ ನಡೆಯಿತು. ಭಾಲ್ಕಿಯ ಪ್ರೌಢಶಾಲೆಯೊಂದರಲ್ಲಿ ಪ್ರಶಿಕ್ಷಣಾರ್ಥಿಯೊಬ್ಬರು ಪೈಪ್ ಎಂಬ ಕಲ್ಪನೆಯನ್ನು ಕಲಿಸಬೇಕಿತ್ತು. ಒಂದು ಕಮ್ಯಾಂಡಿನ ಉತ್ತರವನ್ನು ಇನ್ನೊಂದರ ಬಾಯಿಗೆ ಹಾಕುವ ಈ ಏರ್ಪಾಡು 1973ರಲ್ಲಿ ಯುನಿಕ್ಸಿಗೆ ಸೇರಿತು. ಅದಕ್ಕಾಗಿ ಹಟ ಹಿಡಿದವರು ಡಗ್ ಮೆಕಿಲ್ರಾಯ್. ಪ್ರೊಜೆಕ್ಟರ್ ಇಲ್ಲ, ಕಂಪ್ಯೂಟರ್ ಇಲ್ಲ. ಪ್ರಶಿಕ್ಷಣಾರ್ಥಿ ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಹಾಳೆ ಹರಿದು ಚೀಟಿ ಮಾಡಿದರು.

ಪ್ರತಿ ಮಗುವಿಗೆ ಐದೈದು ಚೀಟಿ. ಕಳೆದ ತಿಂಗಳಲ್ಲಿ ನೆನಪಿರುವ ಐದು ದಿನ ಆರಿಸಿ, ಒಂದೊಂದು ಚೀಟಿಯಲ್ಲಿ ವಾರದ ಹೆಸರು, ಅಂದು ಹಾಜರೋ ಗೈರೋ ಎಂದು ಬರೆಯಬೇಕು. ಎಲ್ಲವನ್ನೂ ಕೂಡಿಸಿ ಒಂದು ರಾಶಿ ಹಾಕಿದರು. ಇದು ಲಾಗ್ ಕಡತ ಎಂದರು. ನಡೆದದ್ದನ್ನೆಲ್ಲ ನಡೆದ ಕ್ರಮದಲ್ಲಿ ಸಾಲುಸಾಲಾಗಿ ಬರೆದುಕೊಳ್ಳುವ ದಿನಚರಿ ಅದು, ಪ್ರತಿ ಸರ್ವರಿನಲ್ಲೂ ಇರುತ್ತದೆ. ನಾಲ್ವರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರು. ಮೊದಲನೆಯವಳು ಗ್ರೆಪ್: "ಗೈರು" ಎಂದಿರುವ ಚೀಟಿ ಮಾತ್ರ ಮುಂದೆ ಬಿಡಬೇಕು. ಎರಡನೆಯವನು ಕಟ್: ಚೀಟಿಯಲ್ಲಿ ವಾರದ ಹೆಸರಿರುವ ಭಾಗ ಹರಿದು ಅದನ್ನಷ್ಟೇ ಕೊಡಬೇಕು. ಮೂರನೆಯವಳು ಸಾರ್ಟ್: ಒಂದೇ ವಾರದವು ಒಟ್ಟಿಗೆ ಬರುವಂತೆ ಜೋಡಿಸಬೇಕು. ನಾಲ್ಕನೆಯವನು ಯೂನಿಕ್: ಕೈಗೆ ಬಂದ ಚೀಟಿ ಹಿಂದಿನದರಂತೆಯೇ ಇದ್ದರೆ ಎಣಿಕೆ ಒಂದು ಹೆಚ್ಚಿಸಬೇಕು, ಬೇರೆಯಾದರೆ ಹಿಂದಿನದರ ಲೆಕ್ಕ ಬರೆದು ಹೊಸದಾಗಿ ಒಂದರಿಂದ ಎಣಿಸಬೇಕು. ಯಾರೂ ಮಾತಾಡುವಂತಿಲ್ಲ, ಹಿಂದಿರುಗಿ ನೋಡುವಂತಿಲ್ಲ.

ಗೈರು ಹೆಚ್ಚು ಬಂದದ್ದು ಊರ ಸಂತೆಯ ದಿನ. ಮಕ್ಕಳಿಗೆ ಅದು ಮೊದಲೇ ಗೊತ್ತಿತ್ತು, ಆದರೆ ಲೆಕ್ಕದಲ್ಲಿ ಕಂಡಾಗ ಖುಷಿಪಟ್ಟರು. ನಿಜವಾದ ಕಲಿಕೆ ನಡೆದದ್ದು ಅದರ ನಂತರ. ಸಾರ್ಟ್ ಆಗಿದ್ದ ಹುಡುಗಿ ನೀರು ಕುಡಿಯಲು ಹೋದಳು. ಪ್ರಶಿಕ್ಷಣಾರ್ಥಿ ಅವಳಿಲ್ಲದೆಯೇ ಮುಂದುವರಿಸಿದರು. ನಾಲ್ಕನೆಯ ಹುಡುಗನ ಹಾಳೆಯಲ್ಲಿ ಸೋಮವಾರ 2, ಶನಿವಾರ 1, ಸೋಮವಾರ 1, ಬುಧವಾರ 1, ಮತ್ತೆ ಸೋಮವಾರ 3 ಎಂದು ಬಂತು. "ಇವನು ತಪ್ಪು ಎಣಿಸ್ಯಾನ್ರಿ" ಎಂದು ಒಬ್ಬಳು ಕೂಗಿದಳು. "ನಾ ಹೇಳಿದಂಗೇ ಮಾಡೀನಿ" ಎಂದು ಅವನು. ಇಬ್ಬರೂ ಹೇಳಿದ್ದು ಸರಿ. ಯೂನಿಕ್ ಪಕ್ಕಪಕ್ಕದ ಸಾಲುಗಳನ್ನು ಮಾತ್ರ ಹೋಲಿಸುತ್ತದೆ. ಮುಂಚೆ ಜೋಡಿಸಿ ಕೊಡದಿದ್ದರೆ ಅದರ ಲೆಕ್ಕ ಹೀಗೇ ಇರುತ್ತದೆ. ಕಂಪ್ಯೂಟರಿನ ಮುಂದೆ ಈ ತಪ್ಪು ಮಾಡಿ ಒಂದಿಡೀ ಮಧ್ಯಾಹ್ನ ಕಳೆದವರನ್ನು ನಾನು ಬಲ್ಲೆ. 5ಇ ಮಾದರಿಯಲ್ಲಿ ಪರಿಶೋಧನೆ ಎಂಬ ಹಂತಕ್ಕೆ ಒಂದು ಉದಾಹರಣೆ ಕೊಡಿ ಎಂದು ಯಾರಾದರೂ ಕೇಳಿದರೆ ನಾನು ಇದನ್ನೇ ಕೊಡುತ್ತೇನೆ. ಪಾಠ ಯೋಜನೆಯಲ್ಲಿ ಅದು ಇರಲಿಲ್ಲ ಎಂಬುದು ಬೇರೆ ಮಾತು.

ಇದೇ ಸಾಲನ್ನು ನಿಜವಾದ ಸರ್ವರಿನಲ್ಲಿ ಓಡಿಸಿದರೆ, ತಪ್ಪು ಪಾಸ್‌ವರ್ಡ್ ಕೊಟ್ಟು ಒಳನುಗ್ಗಲು ಯತ್ನಿಸಿದವರು ಯಾರು, ಎಷ್ಟು ಸಲ ಎಂಬ ಪಟ್ಟಿ ಸಿಗುತ್ತದೆ. ಸಾಧನ ಬದಲಾಗುವುದಿಲ್ಲ, ರಾಶಿ ಬದಲಾಗುತ್ತದೆ.

ನೋಡುವುದು ಮೊದಲು, ಮುಟ್ಟುವುದು ಆಮೇಲೆ

ಬೀದರ್ ನಗರದ ಶಾಲೆಯೊಂದರಲ್ಲಿ ಪ್ರಶಿಕ್ಷಣಾರ್ಥಿಯೊಬ್ಬರು ಸರ್ವರನ್ನು ನೌಬಾದಿನ ಕರೇಜಿಗೆ ಹೋಲಿಸಿದರು. ಬಹಮನಿಗಳ ಕಾಲದ, ಹದಿನೈದನೆಯ ಶತಮಾನದ ಈ ಸುರಂಗ ಕಾಲುವೆ ನೆಲದ ಅಡಿಯಲ್ಲಿ ನೀರು ಸಾಗಿಸುತ್ತದೆ. ಮೇಲೆ ನಡೆಯುವವರಿಗೆ ಕಾಣುವುದಿಲ್ಲ. ಆದರೆ ಉದ್ದಕ್ಕೂ ಅಲ್ಲಲ್ಲಿ ಬಾವಿಯಂಥ ಕಿಂಡಿಗಳನ್ನು ತೋಡಿದ್ದಾರೆ, ಇಳಿದು ನೋಡಲು, ಹೂಳು ತೆಗೆಯಲು. ಕಮ್ಯಾಂಡುಗಳು ಆ ಕಿಂಡಿಗಳು ಎಂದರು ಅವರು. ಸೊಗಸಾದ ಹೋಲಿಕೆ, ಅದೂ ಆ ಮಕ್ಕಳು ಶಾಲಾ ಪ್ರವಾಸದಲ್ಲಿ ನೋಡಿ ಬಂದದ್ದು. ಆದರೆ ಹೋಲಿಕೆಯನ್ನು ಎಳೆಯುತ್ತ ಹೋಗಿ ನೀರು ಎಂದರೆ ದತ್ತಾಂಶ, ಕಲ್ಲು ಎಂದರೆ ವೈರಸ್ ಎಂದಾಗ ಮಕ್ಕಳು ಕರೇಜಿನಲ್ಲೇ ಉಳಿದರು, ಸರ್ವರಿಗೆ ಬರಲಿಲ್ಲ.

ಕಿಂಡಿ ಎಂಬ ಮಾತನ್ನು ಮಾತ್ರ ನಾನು ಉಳಿಸಿಕೊಂಡಿದ್ದೇನೆ. ಮೊದಲ ಮೂರು ತಾಸು ಪ್ರಶಿಕ್ಷಣಾರ್ಥಿಗಳಿಗೆ ಇಣುಕುವ ಕಮ್ಯಾಂಡು ಮಾತ್ರ, ಏನನ್ನೂ ಬದಲಿಸುವಂತಿಲ್ಲ. ಅಪ್‌ಟೈಮ್ ಎಷ್ಟು ಹೊತ್ತಿನಿಂದ ಎದ್ದಿದೆ ಎನ್ನುತ್ತದೆ. ಡಿಎಫ್ ಡಿಸ್ಕ್ ಎಷ್ಟು ತುಂಬಿದೆ ಎನ್ನುತ್ತದೆ, ಡಿಯು ಯಾವ ಫೋಲ್ಡರ್ ಎಷ್ಟು ತಿಂದಿದೆ ಎನ್ನುತ್ತದೆ. ಫ್ರೀ ಎಂಬುದು ಮೆಮೊರಿಯ ಸ್ಥಿತಿ. ಹೂ ಎಂದರೆ ಯಾರು ಒಳಗಿದ್ದಾರೆ. ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಎಂದರೆ ಇಂಥ ಸೇವೆ ನಡೆದಿದೆಯೋ ನಿಂತಿದೆಯೋ. ಜರ್ನಲ್‌ಸಿಟಿಎಲ್ ಮತ್ತು ಟೇಲ್ ಲಾಗ್ ಓದಲು. ಡಿಎಫ್ ಮತ್ತು ಡಿಯು ಹೇಳುವ ಲೆಕ್ಕ ಒಮ್ಮೊಮ್ಮೆ ತಾಳೆಯಾಗುವುದಿಲ್ಲ. ಒಂದು ದೊಡ್ಡ ಲಾಗ್ ಕಡತವನ್ನು ಅಳಿಸಿದರೂ ಯಾವುದೋ ಸೇವೆ ಅದನ್ನು ಇನ್ನೂ ತೆರೆದು ಹಿಡಿದಿದ್ದರೆ, ಹೆಸರು ಹೋಗುತ್ತದೆ, ಜಾಗ ಮರಳುವುದಿಲ್ಲ. ಆ ಸೇವೆಯನ್ನು ಮತ್ತೆ ಆರಂಭಿಸಿದಾಗಲೇ ಮರಳುವುದು. ಡಿಯು ಹೆಸರಿದ್ದ ಕಡತಗಳನ್ನು ಎಣಿಸುತ್ತದೆ, ಡಿಎಫ್ ಡಿಸ್ಕನ್ನೇ ಕೇಳುತ್ತದೆ. ಇದನ್ನು ವಿವರಿಸಿದಾಗ ಒಬ್ಬರು, "ಟಿಸಿ ಕೊಟ್ಟ ಮ್ಯಾಲೂ ಹುಡುಗ ಕ್ಲಾಸಿನಾಗೇ ಕುಂತಂಗ" ಎಂದರು. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ, ಬೆಂಚು ಖಾಲಿಯಿಲ್ಲ. ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಬದಲಿಸುವ ಕಮ್ಯಾಂಡುಗಳು ನಾಲ್ಕನೆಯ ತಾಸಿಗೆ ಬಂದವು, ಅದೂ ಒಂದು ಕಟ್ಟಳೆಯ ಜೊತೆ: ಅಳಿಸುವ ಮೊದಲು ಅದೇ ಹೆಸರನ್ನು ಎಲ್‌ಎಸ್‌ಗೆ ಕೊಟ್ಟು ನೋಡಬೇಕು. ನಾನು ಹಾಗೆ ಮಾಡಿದ್ದರೆ ಎಲ್‌ಎಸ್ "ಹಳೆಯದು ಎಂಬುದಿಲ್ಲ" ಎಂದು ತಕರಾರು ತೆಗೆದು, ಕೆಳಗೆ ಈ ವರ್ಷದ ಪಾಠಗಳ ಪಟ್ಟಿಯನ್ನು ಕಣ್ಣಮುಂದೆ ಹರವುತ್ತಿತ್ತು. ನಕಲಿಗೆ ಬಳಸುವ ಆರ್‌ಸಿಂಕ್‌ನಲ್ಲಿ ಈ ಸೌಲಭ್ಯ ಒಳಗೇ ಇದೆ. ಗೆರೆ ಎನ್ ಎಂದು ಸೇರಿಸಿದರೆ ಮಾಡುವ ಕೆಲಸವನ್ನು ಮಾಡದೆ, ಏನು ಮಾಡುತ್ತಿದ್ದೆ ಎಂದು ಮಾತ್ರ ಹೇಳುತ್ತದೆ. ಸೂಕ್ಷ್ಮ ಬೋಧನೆಯ ಹಾಗೆ, ನಿಜವಾದ ತರಗತಿಗೆ ಹೋಗುವ ಮೊದಲಿನ ತಾಲೀಮು. ಇನ್ನು ಎಲ್ಲರಿಗೂ ಒಂದೇ ಖಾತೆ, ಒಂದೇ ಪಾಸ್‌ವರ್ಡ್ ಎಂಬ ನಮ್ಮ ಹಳೆಯ ಪದ್ಧತಿಯನ್ನೂ ನಿಲ್ಲಿಸಿದೆವು. ಪಾಠದ ನಡುವೆ ಒಬ್ಬರು ಆ ಪಾಸ್‌ವರ್ಡನ್ನು ಹಲಗೆಯ ಮೇಲೆ ದುಂಡಗೆ ಬರೆದದ್ದೇ ಅದಕ್ಕೆ ಕಾರಣ. ಈಗ ಪ್ರತಿಯೊಬ್ಬರಿಗೂ ಬೇರೆ ಖಾತೆ. ಸೂಡೊ ಅಧಿಕಾರ, ಅಂದರೆ ಎಲ್ಲವನ್ನೂ ಮಾಡಬಲ್ಲ ಅಧಿಕಾರ, ಇಬ್ಬರಿಗೆ ಮಾತ್ರ.

ಕನ್ನಡದ ಬಗ್ಗೆ ಒಂದು ಮಾತು. ಕಡತದ ಹೆಸರನ್ನು ಕನ್ನಡ ಲಿಪಿಯಲ್ಲಿ ಇಡಬಹುದು, ಲಿನಕ್ಸ್ ಒಪ್ಪುತ್ತದೆ. ಆದರೆ ಹಲವು ಟರ್ಮಿನಲ್‌ಗಳಲ್ಲಿ ಒತ್ತಕ್ಷರ, ಗುಣಿತ ಒಡೆದು ಕಾಣುತ್ತವೆ. ಅದು ತೋರಿಕೆಯ ದೋಷ, ಕಡತ ಕೆಟ್ಟಿರುವುದಿಲ್ಲ. ಎಣಿಸುವ ಕಮ್ಯಾಂಡ್ ಆದ ಡಬ್ಲ್ಯೂಸಿಗೆ "ಬೀದರ್" ಎಂಬ ಪದ ಕೊಟ್ಟು ಎಷ್ಟು ಅಕ್ಷರ ಎಂದರೆ 5 ಎನ್ನುತ್ತದೆ, ಎಷ್ಟು ಬೈಟ್ ಎಂದರೆ 15 ಎನ್ನುತ್ತದೆ. ಮಕ್ಕಳನ್ನು ಕೇಳಿದರೆ 3. ಯುನಿಕೋಡ್ ದೀರ್ಘದ ಗುರುತನ್ನೂ ಕೊನೆಯ ಅರ್ಧಾಕ್ಷರದ ಗುರುತನ್ನೂ ಬೇರೆಬೇರೆಯಾಗಿ ಎಣಿಸುತ್ತದೆ. ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಗುರುತಿಗೆ 3 ಬೈಟ್. ಕನ್ನಡ ಪಾಠದ ಶಿಕ್ಷಕರಿಗೆ ಇದು ಒಂದು ತಾಸಿನ ಚರ್ಚೆಗೆ ಸಾಕಾಗುವ ವಸ್ತು.

ನಮ್ಮ ರಾಜ್ಯದ ಶಿಕ್ಷಕರಿಗೆ ಇದೆಲ್ಲ ಪರಕೀಯವೇನಲ್ಲ. 2011ರ ಸುಮಾರಿಗೆ ಆರಂಭವಾದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಸರ್ಕಾರಿ ಪ್ರೌಢಶಾಲೆಯ ಶಿಕ್ಷಕರು ಉಬುಂಟು ಬಳಸಿಯೇ ಕಲಿತರು. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ವಿಕಿ ಆ ಕೆಲಸದ ಜೊತೆಗೇ ಬೆಳೆಯಿತು. ಕೇರಳದಲ್ಲಿ 2001ರಲ್ಲಿ ಶುರುವಾದ ಐಟಿ ಅಟ್ ಸ್ಕೂಲ್ ಯೋಜನೆ ಸ್ವತಂತ್ರ ತಂತ್ರಾಂಶದ ಹಾದಿಯನ್ನು ಇನ್ನೂ ದೂರ ಕೊಂಡೊಯ್ದಿದೆ. ಆದರೆ ತರಬೇತಿಯಲ್ಲಿ ಕಲಿತದ್ದು ಶಾಲೆಯ ಮೂಲೆಯ ಯಂತ್ರವನ್ನು ನೋಡಿಕೊಳ್ಳುವವರೆಗೆ ಬರುವುದು ಅಪರೂಪ. ಯಂತ್ರ ಕೊಡುವವರಿದ್ದಾರೆ, ಬಳಸುವುದನ್ನು ಕಲಿಸುವವರೂ ಇದ್ದಾರೆ. ನಿಂತಾಗ ಯಾರು ಇಣುಕಬೇಕು ಎಂಬುದು ಯಾರ ಪಾಠದಲ್ಲೂ ಇಲ್ಲ. ನನ್ನ ಅಭಿಪ್ರಾಯದಲ್ಲಿ ಬಿ.ಇಡಿ. ಮುಗಿಸಿ ಹೋಗುವವರಿಗೆ ಇಣುಕುವ ಹತ್ತು ಕಮ್ಯಾಂಡ್ ಬಂದರೆ ಸಾಕು, ಹೆಚ್ಚು ಬೇಡ. ಸಹೋದ್ಯೋಗಿಗಳಲ್ಲಿ ಕೆಲವರು ಇದನ್ನು ಒಪ್ಪುವುದಿಲ್ಲ; ಶಿಕ್ಷಕನ ಹೆಗಲಿಗೆ ಇದೂ ಒಂದು ಹೊರೆಯೇ ಎನ್ನುತ್ತಾರೆ. ಅವರ ಮಾತಿನಲ್ಲೂ ತಥ್ಯವಿದೆ.

ಔರಾದ್‌ನ ಪದಪಟ್ಟಿಯಲ್ಲಿ ಅರ್ಧದಷ್ಟನ್ನು ಆ ಪ್ರಶಿಕ್ಷಣಾರ್ಥಿ ನೆನಪಿನಿಂದ, ಮಕ್ಕಳನ್ನು ಮತ್ತೆ ಕೇಳಿ ಕಟ್ಟಿದ್ದಾರೆ. ಉಳಿದದ್ದಕ್ಕೆ ಈ ಸಾಲಿನ ತಂಡದವರು ಕೈಹಾಕಿದ್ದಾರೆ. ಈಗ ನಕಲು ಮಧ್ಯಾಹ್ನ ಊಟದ ವಿರಾಮದಲ್ಲಿ, ಯಂತ್ರ ಎಚ್ಚರವಿರುವಾಗ ನಡೆಯುತ್ತದೆ. ತಿಂಗಳಿಗೊಮ್ಮೆ ಒಂದು ಕಡತವನ್ನು ನಕಲಿನಿಂದ ನಿಜವಾಗಿ ಮರಳಿ ತಂದು ನೋಡುತ್ತೇವೆ. ಮೇನ್ ಸ್ವಿಚ್ಚಿನ ಮೇಲೆ ಕನ್ನಡ, ಮರಾಠಿ, ಉರ್ದು ಮೂರರಲ್ಲೂ ಚೀಟಿ ಅಂಟಿಸಿದೆ. ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಸರದಿಯ ಪ್ರಶಿಕ್ಷಣಾರ್ಥಿ ಅಪ್‌ಟೈಮ್ ಮತ್ತು ಡಿಎಫ್ ನೋಡಿ ಒಂದು ರಿಜಿಸ್ಟರಿನಲ್ಲಿ ಬರೆಯುತ್ತಾರೆ. ಈ ಲೇಖನ ಮುಗಿಸುವ ಹೊತ್ತಿಗೆ ಅದರಲ್ಲಿರುವ ಕೊನೆಯ ಸಾಲು: 41 ದಿನ, ಡಿಸ್ಕ್ ಶೇ. 58. ಪಕ್ಕದಲ್ಲಿ ಕಾಕಾ ತಮ್ಮ ಸಹಿಯನ್ನೂ ಹಾಕಿದ್ದಾರೆ. ಹಾಕಿ ಎಂದು ಯಾರೂ ಹೇಳಿರಲಿಲ್ಲ.